ಸಂತಳ ಪಟದ ಹಿಂದಿನ ಚೀಟಿ

ಈಜಿಪ್ಟಿನ ನಮ್ಮ ಮಿನ್ಯಾ ಊರಿನ ಚರ್ಚಿನಲ್ಲಿ ಸಂತಳ ಪಟದ ಹಿಂದೆ ಬೇಡಿಕೆಯ ಚೀಟಿ ಸಿಕ್ಕಿಸುತ್ತಾರೆ. ನನ್ನನ್ನು ನೋಡಲು ಬಂದ ಶೆನೂದ ಎಂಬ ವರ ಶರಬತ್ತು ಕುಡಿದು, ನನ್ನ ಬದಲು ತಂಗಿ ದಮ್ಯಾನಳನ್ನು ಒಪ್ಪಿದ ವಾರ ನಾನೂ ಒಂದು ಸಿಕ್ಕಿಸಿದೆ: 'ಈ ಮದುವೆ ನಿಲ್ಲಲಿ.'

ಈಸ್ಟರ್‌ಗೆ ಮುಂಚಿನ ದೊಡ್ಡ ಉಪವಾಸ ಬಂದಾಗ ತಡೆಯಲಾರದೆ ಪಾದ್ರಿಗಳ ಬಳಿ ಪಾಪನಿವೇದನೆ ಮಾಡಿಕೊಂಡೆ.

"ನಿನ್ನ ಹೊಟ್ಟೆಕಿಚ್ಚಿನ ಕೆಲಸಾನ ಸಂತಳ ಕೈಲಿ ಮಾಡಿಸ್ತೀಯಾ ಮಗಳೇ? ಹೋಗಿ ತೆಗೆದು ಸುಟ್ಟುಬಿಡು," ಎಂದರು.

ತೆಗೆದೆ. ಯಾರೋ ಆಗಷ್ಟೇ ಅಂಗೈಯಲ್ಲಿ ಹಿಡಿದಿದ್ದಂತೆ ಚೀಟಿ ಬೆಚ್ಚಗಿತ್ತು. ದೀಪಕ್ಕೆ ಹಿಡಿದು ಸುಟ್ಟೆ.

ಮುಂದಿನ ಭಾನುವಾರ ಅದು ಮತ್ತೆ ಅಲ್ಲಿತ್ತು. ಮೂರನೇ ತರಗತಿಗೇ ಶಾಲೆ ಬಿಟ್ಟ ನನ್ನದೇ ಸೊಟ್ಟ ಅಕ್ಷರ, ಅದೇ ಬಿಸುಪು. ಪ್ರತಿ ಭಾನುವಾರವೂ ಸುಟ್ಟೆ.

"ಅಷ್ಟೊತ್ತು ಪಟದ ಹಿಂದೆ ಏನ್ ಹುಡುಕ್ತೀಯೇ ಅಕ್ಕಾ, ಗಂಡನ್ನಾ?" ಎಂದು ದಮ್ಯಾನ ನಕ್ಕಳು. ನಾನೂ ನಕ್ಕೆ. ಅವಳ ನಿಶ್ಚಿತಾರ್ಥದ ಉಂಗುರ ನನ್ನ ಬೆರಳಿಗೂ ಸರಿಯಾಗುತ್ತಿತ್ತು, ಹಾಕಿ ನೋಡಿದ್ದೆ.

"ಮನಸಾರೆ ಪಶ್ಚಾತ್ತಾಪ ಪಟ್ಟಿದ್ದೀಯ ತಾನೇ?" ಮುಂದಿನ ಪಾಪನಿವೇದನೆಯಲ್ಲಿ ಪಾದ್ರಿಗಳು ಕೇಳಿದರು.

"ಹೌದು ಫಾದರ್," ಎಂದೆ.

ಮದುವೆಯ ಬೆಳಿಗ್ಗೆ ಅವರು ಚರ್ಚಿನ ಬೀಗ ತೆಗೆದ ಕೂಡಲೇ ಎಲ್ಲರಿಗಿಂತ ಮೊದಲು ಒಳಗೆ ಹೋಗಿ ಪಟದ ಹಿಂದೆ ಕೈ ಹಾಕಿದೆ. ಚೀಟಿ ಇತ್ತು. ಅದರ ಮಸಿ ಇನ್ನೂ ಹಸಿಯಾಗಿತ್ತು.