ಬಿಚ್ಚಿಟ್ಟ ವೆಬ್‌ಸೈಟ್

ಶುಕ್ರವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದಾಗ ಕುರ್ಚಿಗಳೆಲ್ಲ ಇದ್ದಲ್ಲೇ ಇದ್ದವು. ಬೀಗ ಮುರಿದಿರಲಿಲ್ಲ. ಗಲ್ಲಾಪೆಟ್ಟಿಗೆಯನ್ನು ಯಾರೂ ಮುಟ್ಟಿರಲಿಲ್ಲ. ಮಾಯವಾಗಿದ್ದು ಅಂಗಡಿಯ ವೆಬ್‌ಸೈಟ್.

ಸೈಬರ್ ವಿಭಾಗದವರಿಗೆ ಪುರುಸೊತ್ತು ಸಿಗುವುದು ಯಾವ ಕಾಲಕ್ಕೋ ಎಂದು ಠಾಣೆಯವರು ಮನೆಗಳ್ಳತನ ನೋಡುವ ಇನ್ಸ್‌ಪೆಕ್ಟರಮ್ಮನನ್ನೇ ಅಟ್ಟಿದ್ದರು. ಒಡೆದ ಕಿಟಕಿ, ಕಿತ್ತ ಚಿಲಕ ತೋರಿಸಿದರೆ ಅವರು ಕಳ್ಳನ ಎತ್ತರ ಹೇಳಬಲ್ಲರು. ಇಲ್ಲಿ ತೋರಿಸಿದ್ದು ಬರೀ ಬಿಳಿ ಪರದೆ.

"ಕೂತ್ಕೊಳ್ಳಿ ಮೇಡಂ," ಎಂದಳು ದೂರು ಕೊಟ್ಟ ಹುಡುಗಿ. ಅಂಗಡಿ ಯಜಮಾನರ ಒಬ್ಬಳೇ ಮಗಳು. ಕಣ್ಣು ಊದಿಕೊಂಡಿತ್ತು.

ಇನ್ಸ್‌ಪೆಕ್ಟರ್ ಕಂಪ್ಯೂಟರಿನ ಮುಂದಿದ್ದ ಸ್ಟೂಲಿನ ಮೇಲೆ ಕುಳಿತರು. ಸ್ಟೂಲು ಟಕ್ಕೆಂದು ಒಂದು ಕಡೆ ವಾಲಿತು. ಊರಿನವರ ಕುರ್ಚಿಗಳನ್ನೆಲ್ಲ ರಿಪೇರಿ ಮಾಡುವ ಅಂಗಡಿಯಲ್ಲಿ ಸ್ವಂತ ಸ್ಟೂಲೇ ನೆಟ್ಟಗಿಲ್ಲವಲ್ಲ ಎಂದು ಅವರಿಗೆ ನಗು ಬಂತು. ಬಾಗಿಲಲ್ಲಿ ನಿಂತಿದ್ದ ಯಜಮಾನರು ಸ್ಟೂಲಿನತ್ತ ಒಂದು ಹೆಜ್ಜೆ ಇಟ್ಟು, ತಿರುಗಿ, ಒಳಗಿನ ಕಾರ್ಖಾನೆಗೆ ಹೊರಟುಹೋದರು.

"ಏನೇನಿತ್ತು ಅದರಲ್ಲಿ?"

"ನಮ್ಮಮ್ಮ ಇದ್ರು," ಎಂದಳು ಹುಡುಗಿ. ಆಮೇಲೆ ಸಾವರಿಸಿಕೊಂಡಳು. "ಅಂದ್ರೆ, ಅಮ್ಮ ಬರೆದದ್ದು. ರಿಪೇರಿಗೆ ಬಂದ ಒಂದೊಂದು ಕುರ್ಚಿ ಬಗ್ಗೆನೂ ಬರೀತಿದ್ರು. ಯಾರ ಮನೇದು, ಯಾಕೆ ಮುರೀತು, ಅಪ್ಪ ಹೇಗೆ ಸರಿ ಮಾಡಿದ್ರು ಅಂತ. ತಲೆಬರಹ ಮಾತ್ರ ಮೊದಲೇ ಹಾಕಿಡ್ತಿದ್ರು. ರಿಪೇರಿ ಮುಗಿಯೋವರೆಗೂ ಮುಂದೆ ಒಂದಕ್ಷರ ಬರೀತಿರಲಿಲ್ಲ. ಅಮ್ಮ ಹೋಗಿ ವರ್ಷ ಆಯ್ತು. ಇದಕ್ಕೆ ಬೇರೆ ಕಾಪಿ ಎಲ್ಲೂ ಇಲ್ಲ ಮೇಡಂ."

ಇನ್ಸ್‌ಪೆಕ್ಟರ್ ಮೌಸ್ ಮೇಲೆ ಕೈಯಿಟ್ಟರು. ಅಂಟಂಟು. ಬೆರಳು ಮೂಸಿ ನೋಡಿ ಕರ್ಚೀಫಿಗೆ ಒರೆಸಿಕೊಂಡರು. ಪಾಸ್‌ವರ್ಡ್ ಯಾರಿಗೆ ಗೊತ್ತು ಎಂದು ಕೇಳಬೇಕೆಂದಿದ್ದರು. ಕೇಳುವ ಅಗತ್ಯವೇ ಬೀಳಲಿಲ್ಲ. ಪರದೆಯ ಅಂಚಿಗೆ ಅಂಟಿಸಿದ ಚೀಟಿಯಲ್ಲಿ ಅದು ದಪ್ಪಕ್ಷರದಲ್ಲಿ ರಾರಾಜಿಸುತ್ತಿತ್ತು.

*

ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದ ತಂತ್ರಜ್ಞ ಬರುವಾಗಲೇ ಮುಖ ಗಂಟಿಕ್ಕಿಕೊಂಡಿದ್ದ.

"ಎಲ್ಲರ ಕಣ್ಣೂ ನನ್ನ ಮೇಲೇ ಅಂತ ಗೊತ್ತು ಮೇಡಂ. ಅದಕ್ಕೇ ನೀವು ಬರೋವರೆಗೂ ಏನನ್ನೂ ಮುಟ್ಟಿಲ್ಲ."

"ನಿಮ್ಮ ಮೇಲೆ ಯಾಕೆ?"

"ಸೋಮವಾರದಿಂದ ನನಗೆ ಇಲ್ಲಿ ಕೆಲಸ ಇಲ್ಲ. ಸಿಎಂಎಸ್ ಬದಲಾಯಿಸ್ತಿದ್ದಾರೆ."

"ಹಾಗಂದ್ರೆ?"

ತಂತ್ರಜ್ಞ ನಿಟ್ಟುಸಿರು ಬಿಟ್ಟ. "ವೆಬ್‌ಸೈಟ್ ಅಂದ್ರೆ ಜನ ನೋಡೋ ಷೋಕೇಸು. ಸಿಎಂಎಸ್ ಅಂದ್ರೆ ಅದರ ಹಿಂದಿನ ಕೋಣೆ. ಬರೆಯೋದು, ಜೋಡಿಸೋದು, ತೆಗೆಯೋದು ಎಲ್ಲ ಅಲ್ಲೇ. ಈಗಿರೋದು ಸ್ವಂತ ಮನೆ ಇದ್ದ ಹಾಗೆ. ಸೋರಿದ್ರೆ ನಾವೇ ಛಾವಣಿ ಹತ್ತಬೇಕು. ಚಿಕ್ಕಪ್ಪನೋರು ತರಬೇಕು ಅಂತಿರೋದು ಬಾಡಿಗೆ ಮನೆ. ಎಲ್ಲ ಅವರೇ ನೋಡ್ಕೋತಾರೆ, ಆದ್ರೆ ಒಂದು ಮೊಳೆ ಹೊಡೆಯೋಕೂ ಅವರನ್ನೇ ಕೇಳಬೇಕು. ತಿಂಗಳುಗಟ್ಟಲೆ ಇದೇ ಜಗಳ ಇಲ್ಲಿ. ಕೊನೆಗೆ ಚಿಕ್ಕಪ್ಪನೋರು ಗೆದ್ರು."

ಅವನು ಪರದೆಯ ಮೇಲೆ ಆ ಹಿಂದಿನ ಕೋಣೆಯನ್ನು ತೆರೆದು ತೋರಿಸಿದ. ಪುಟಗಳು ನಾಶವಾಗಿರಲಿಲ್ಲ. ಎಲ್ಲವೂ ಕಸದ ಬುಟ್ಟಿಯಲ್ಲಿದ್ದವು. ಒಂದೊಂದರ ತಲೆಬರಹದ ಹಿಂದೆಯೂ ಯಾರೋ ವಿಚಿತ್ರ ಗುರುತು ಸೇರಿಸಿದ್ದರು. ಮುಂ-ಎ-೧. ಮುಂ-ಬ-೨. ಹಿಂ-ಎ-೪.

"ಹ್ಯಾಕರ್‌ಗಳ ಕೋಡು," ಎಂದ ತಂತ್ರಜ್ಞ, ತಾನೇ ಪೂರ್ತಿ ನಂಬದವನಂತೆ.

"ನೀವಾಗಿದ್ರೆ ಹೇಗೆ ಅಳಿಸ್ತಿದ್ರಿ?"

"ಸರ್ವರ್‌ನಲ್ಲಿ ಒಂದೇ ಏಟಿಗೆ ಎಲ್ಲ ಎತ್ತಿಬಿಡ್ತಿದ್ದೆ. ಇದು ಒಂದೊಂದೇ ಪುಟ ತೆಗೆದಿರೋದು. ನಿನ್ನೆ ಸಂಜೆಯೆಲ್ಲ ಹಿಡಿದಿರುತ್ತೆ. ಅದೂ ಅಮ್ಮನೋರ ಹೆಸರಿನ ಖಾತೆಯಿಂದ."

"ಎಲ್ಲ ಪುಟಾನೂ ತೆಗೆದಿದ್ದಾರಾ?"

ತಂತ್ರಜ್ಞ ಪಟ್ಟಿಯ ತುದಿಗೆ ಹೋದ. ಹುಬ್ಬು ಮೇಲೇರಿತು. "ಒಂದು ಬಿಟ್ಟು. ಇದಿನ್ನೂ ಹೊರಗೆ ಬಂದಿಲ್ಲ, ಸರದಿಯಲ್ಲಿ ಕಾಯ್ತಾ ಇದೆ. ಅಮ್ಮನೋರು ಹುಷಾರಿಲ್ಲದಾಗ ತುಂಬಾ ಬರೆದು ದಿನಾಂಕ ಹಾಕಿಟ್ಟಿದ್ರು. ಅವರು ಹೋದ ಮೇಲೂ ಪ್ರತಿ ಶುಕ್ರವಾರ ಒಂದೊಂದು ತಾನಾಗೇ ಬರ್ತಿತ್ತು."

"ಅದೆಲ್ಲ ಎಷ್ಟೋ ತಿಂಗಳ ಹಿಂದೇನೇ ಮುಗೀತಲ್ಲ," ಎಂದಳು ಮಗಳು.

"ಇಲ್ಲ, ಒಂದು ಉಳಿದಿದೆ. ಇದರ ದಿನಾಂಕ ಯಾರೋ ಮುಂದಕ್ಕೆ ಹಾಕಿದ್ದಾರೆ. ಒಂದು ಸಲ ಅಲ್ಲ. ಪ್ರತಿ ಗುರುವಾರ, ಒಂದೊಂದು ವಾರ ಮುಂದಕ್ಕೆ. ಎಲ್ಲ ಅಮ್ಮನೋರ ಖಾತೆಯಿಂದಲೇ."

ಮಗಳು ಮೇಜಿನ ಅಂಚು ಹಿಡಿದುಕೊಂಡಳು. ಇನ್ಸ್‌ಪೆಕ್ಟರಿಗೆ ದೆವ್ವದಲ್ಲಿ ನಂಬಿಕೆಯಿರಲಿಲ್ಲ. ಆದರೂ ಒಮ್ಮೆ ಬಾಗಿಲ ಕಡೆ ತಿರುಗಿ ನೋಡಿದರು.

*

ಚಿಕ್ಕಪ್ಪ ಎಂದರೆ ಯಜಮಾನರ ತಮ್ಮ. ಅಂಗಡಿಯ ವ್ಯಾಪಾರವೆಲ್ಲ ಅವನದು. ಇಸ್ತ್ರಿ ಮಾಡಿದ ಷರ್ಟು, ನಿಲ್ಲದ ನಾಲಿಗೆ.

"ನಾನು ಯಾಕೆ ಅಳಿಸ್ಲಿ ಮೇಡಂ? ಸೋಮವಾರ ಹೊಸದಕ್ಕೆ ಸಾಗಿಸಬೇಕಾಗಿದ್ದೇ ಅತ್ತಿಗೆ ಬರೆದದ್ದನ್ನ. ಗಿರಾಕಿಗಳು ಬರೋದೇ ಅದನ್ನ ಓದಿ. ಅದಿಲ್ಲದಿದ್ರೆ ನನ್ನ ಹೊಸ ಸೈಟು ಖಾಲಿ ಡಬ್ಬ."

ಮಾತಿನಲ್ಲಿ ಹುರುಳಿತ್ತು. "ಹೊಸದನ್ನ ಪರೀಕ್ಷೆ ಮಾಡಿ ನೋಡಿದ್ರಾ?"

"ಬುಧವಾರ ಎಲ್ಲರ ಮುಂದೇನೇ ತೋರಿಸ್ದೆ. ಹಳೇದರಿಂದ ಒಂದಷ್ಟು ಹಾಕಿದ್ವಿ. ಒಂದು ಗುಂಡಿ ಒತ್ತಿದ್ರೆ ಸಾಕು, ಒಳಗೆ ಹೋದದ್ದೆಲ್ಲ ತಕ್ಷಣ ಪ್ರಕಟ. ಕಾಯಿಸೋ ಗೀಯಿಸೋ ತಾಪತ್ರಯವೇ ಇಲ್ಲ."

"ನಿಮ್ಮಣ್ಣ ಏನಂದ್ರು?"

"ಅಣ್ಣನಿಗೆ ಕಂಪ್ಯೂಟರ್ ಅಂದ್ರೆ ಆಗಲ್ಲ. ಸ್ವಿಚ್ ಯಾವ ಕಡೆ ಇದೆ ಅಂತಲೂ ಗೊತ್ತಿಲ್ಲ. 'ಕಾಯೋದು ಅಂತ ಇಲ್ವೇನೋ ಇದರಲ್ಲಿ?' ಅಂತ ಒಂದು ಮಾತು ಕೇಳಿ ಎದ್ದುಹೋದ."

ಇನ್ಸ್‌ಪೆಕ್ಟರ್ ತಲೆಯೆತ್ತಿದರು. "ರಿಪೇರಿ ಕೆಲಸ ನಿಮಗೆ ಬರುತ್ತಾ?"

ಚಿಕ್ಕಪ್ಪ ನಕ್ಕ. "ಒಂದು ಸಲ ಕೈ ಹಾಕಿ ಹೆಬ್ಬೆರಳು ಜಜ್ಜಿಕೊಂಡಿದ್ದೇ ಕೊನೆ."

*

ಕಾರ್ಖಾನೆಯಲ್ಲಿ ಮರದ ಪುಡಿಯ ಹಿತವಾದ ವಾಸನೆ. ಕಿಟಕಿಯ ಪಕ್ಕದ ಬೆಂಚಿನ ಮೇಲೆ ಒಂದು ತೋಳುಕುರ್ಚಿಯನ್ನು ಪೂರ್ತಿ ಬಿಚ್ಚಿಡಲಾಗಿತ್ತು. ಕಾಲು, ಅಡ್ಡಪಟ್ಟಿ, ಬೆನ್ನು, ತೋಳು, ಎಲ್ಲ ಸಾಲಾಗಿ. ಯಜಮಾನರು ಬಟ್ಟೆಯ ಉಂಡೆಯಿಂದ ಇನ್ನೊಂದು ಕುರ್ಚಿಗೆ ಪಾಲಿಶ್ ಹಚ್ಚುತ್ತಿದ್ದರು.

ಇನ್ಸ್‌ಪೆಕ್ಟರ್ ಬಿಚ್ಚಿಟ್ಟ ಒಂದು ಕಾಲನ್ನು ಎತ್ತಿಕೊಂಡರು. ಮೇಲ್ತುದಿಯಲ್ಲಿ ಸಣ್ಣಗೆ ಪೆನ್ಸಿಲ್ ಗುರುತು. ಮುಂ-ಎ-೧. ಪಕ್ಕದ್ದರ ಮೇಲೆ ಮುಂ-ಬ-೧. ಅಡ್ಡಪಟ್ಟಿಯ ಮೇಲೆ ಹಿಂ-ಎ-೨.

"ಇದೇನು ಯಜಮಾನ್ರೇ?"

"ಮುಂದಿನ ಎಡಗಾಲು, ಬಲಗಾಲು. ಬಿಚ್ಚೋಕೆ ಮುಂಚೆ ಬರೆದಿಡ್ತೀವಿ. ಇಲ್ಲದಿದ್ರೆ ತಿರುಗಿ ಜೋಡಿಸೋವಾಗ..." ಎನ್ನುತ್ತ ಯಜಮಾನರು ಅರ್ಧಕ್ಕೇ ನಿಲ್ಲಿಸಿದರು. ಕೈಯಲ್ಲಿದ್ದ ಉಂಡೆಯೂ ನಿಂತಿತು.

ಗೆದ್ದಾಗ ಖುಷಿಯಾಗುವುದು ಇನ್ಸ್‌ಪೆಕ್ಟರರ ಸ್ವಭಾವ. ಅಂದು ಖುಷಿಯಾಗಲಿಲ್ಲ.

"ಮುಂದಿನ ಕೋಣೆಗೆ ಬನ್ನಿ," ಎಂದರು ಮೆಲ್ಲಗೆ.

*

ಎಲ್ಲರೂ ಕಂಪ್ಯೂಟರಿನ ಸುತ್ತ ಸೇರಿದರು. ಇನ್ಸ್‌ಪೆಕ್ಟರ್ ಮತ್ತೆ ಅದೇ ವಾಲುವ ಸ್ಟೂಲಿನ ಮೇಲೆ ಕುಳಿತರು.

"ಹಾಳು ಮಾಡೋಕೆ ಬಂದವನು ಸಾಮಾನಿಗೆ ನಂಬರ್ ಹಾಕ್ತಾ ಕೂರಲ್ಲ. ಇಲ್ಲಿ ಒಂದೊಂದು ಪುಟಕ್ಕೂ ಅದು ಮುಂದಿನ ಪಟ್ಟಿಯಲ್ಲಿತ್ತೋ ಹಿಂದಿನದರಲ್ಲೋ, ಎಡಕ್ಕೋ ಬಲಕ್ಕೋ, ಎಷ್ಟನೇದು ಅಂತ ಗುರುತು ಹಾಕಿ ತೆಗೆದಿದ್ದಾರೆ. ಯಾರು ಬೇಕಾದ್ರೂ ಇದ್ದ ಹಾಗೇ ಜೋಡಿಸಬಹುದು. ಇದು ಅಳಿಸಿದ್ದಲ್ಲ, ಬಿಚ್ಚಿಟ್ಟಿದ್ದು. ಈ ಗುರುತು ತಂತ್ರಜ್ಞನಿಗೆ ಗೊತ್ತಿಲ್ಲ, ಚಿಕ್ಕಪ್ಪನಿಗೂ ಗೊತ್ತಿಲ್ಲ. ಮಗಳಿಗೆ ಗೊತ್ತಿರಬಹುದು, ಆದ್ರೆ ಅವಳೇ ಬಿಚ್ಚಿದ್ರೆ ಪೊಲೀಸರನ್ನ ಕರೀತಿರಲಿಲ್ಲ. ಇನ್ನು ಮೌಸು. ಅದಕ್ಕೆ ಪಾಲಿಶ್ ಅಂಟಿದೆ. ಬೆಳಿಗ್ಗೆಯೇ ವಾಸನೆ ಬಂದಿತ್ತು, ಯಾವುದರದ್ದು ಅಂತ ಹೊಳೆಯಲಿಲ್ಲ. ಈಗ ಹೊಳೀತು."

ಮಗಳು ತಂದೆಯ ಕೈ ನೋಡಿದಳು. ಬೆರಳ ಸಂದಿಯಲ್ಲೆಲ್ಲ ಕಂದು ಬಣ್ಣ.

"ಅಪ್ಪಾ, ನಿಮಗೆ ಕಂಪ್ಯೂಟರ್ ಬರುತ್ತಾ?"

"ನಿಮ್ಮಮ್ಮ ಕೂತು ಮಾಡೋದನ್ನ ಹಿಂದೆ ನಿಂತು ನೋಡ್ತಿದ್ದೆ," ಎಂದರು ಯಜಮಾನರು. "ಇಷ್ಟೂ ವರ್ಷ ನೋಡಿದ ಮೇಲೆ ಬರದೇ ಇರುತ್ತಾ."

"ಅಲ್ಲ ಅಣ್ಣ, ಬೇಡ ಅಂತ ಒಂದು ಮಾತು ಹೇಳಿದ್ರೆ ನಾನು ಕೈಬಿಡ್ತಿರಲಿಲ್ವಾ?"

"ಯಾಕೆ ಬೇಡ ಅಂತ ಕೇಳ್ತಿದ್ದೆ ನೀನು. ಏನಂತ ಹೇಳಲೋ?"

ಇನ್ಸ್‌ಪೆಕ್ಟರ್ ಪರದೆಯತ್ತ ತಿರುಗಿದರು. "ನಾನು ಹೇಳ್ತೀನಿ. ಹೊಸ ಸಿಎಂಎಸ್‌ಗೆ ಕಾಯಿಸೋದು ಗೊತ್ತಿಲ್ಲ. ಸೋಮವಾರ ಸಾಗಿಸಿದ ತಕ್ಷಣ ಇದೂ ಹೊರಗೆ ಬಂದುಬಿಡ್ತಿತ್ತು. ಇದು ಬಂದ್ರೆ ಮುಗೀತು, ಆಮೇಲೆ ಅವರದ್ದು ಅಂತ ಬರೋದು ಇನ್ನೇನೂ ಇಲ್ಲ. ಇವರಿಗೆ ಈ ಕೊನೇ ಮಾತನ್ನ ಉಳಿಸಿಕೊಳ್ಳಬೇಕಾಗಿತ್ತು. ಅಷ್ಟೇ ತಾನೇ ಯಜಮಾನ್ರೇ?"

ಯಜಮಾನರು ಅಡ್ಡಡ್ಡ ತಲೆಯಾಡಿಸಿದರು. "ತೆಗೆದು ನೋಡಿ ಮೇಡಂ."

ಮಗಳು ಪುಟ ತೆರೆದಳು. ಮೇಲೊಂದು ತಲೆಬರಹವಿತ್ತು: ನಾಳೆ ಸರಿಯಾಗುವ ಸ್ಟೂಲು. ಅದರ ಕೆಳಗೆ ಏನೂ ಇರಲಿಲ್ಲ. ಒಂದಕ್ಷರವೂ ಇರಲಿಲ್ಲ.

ಇನ್ಸ್‌ಪೆಕ್ಟರರ ಕಣ್ಣು ನಿಧಾನವಾಗಿ ಕೆಳಗಿಳಿಯಿತು. ತಾವು ಬೆಳಿಗ್ಗೆಯಿಂದ ಯಾವುದರ ಮೇಲೆ ಕುಳಿತಿದ್ದೇವೆಂದು ಅವರಿಗೆ ಆಗ ತಿಳಿಯಿತು. ತಟ್ಟನೆ ಎದ್ದು ನಿಂತರು.

"ಅವಳು ಕೂರ್ತಿದ್ದದ್ದು ಅದರ ಮೇಲೇನೇ," ಎಂದರು ಯಜಮಾನರು. "ಒಂದು ಕಾಲು ಸಡಿಲ, ದಿನಾ ಹೇಳೋಳು. ನಾಳೆ ಮಾಡ್ಕೊಡ್ತೀನಿ ಅನ್ನೋನು ನಾನು. ಬೇರೆಯವರ ಕುರ್ಚಿ ಮುಗೀಲಿ, ಮನೇದು ತಾನೆ, ನಾಳೆ ನೋಡೋಣ ಅಂತ. ನಗ್ತಾ ನಗ್ತಾ ಈ ಹೆಸರು ಬರೆದು ದಿನಾಂಕಾನೂ ಹಾಕಿಟ್ಟಳು. ನೀವು ರಿಪೇರಿ ಮಾಡಿ, ಆಮೇಲೆ ಮುಂದಿಂದು ಬರೀತೀನಿ ಅಂದಳು. ಹಾಸಿಗೆ ಹಿಡಿದ ಮೇಲೂ ಒಂದು ಸಲ ಕೇಳಿದ್ಳು. ಸ್ಟೂಲು ಆಯ್ತಾ ಅಂತ. ಆಗಲೂ ನಾಳೆ ಅಂದೆ."

ಚಿಕ್ಕಪ್ಪ ಹತ್ತಿರ ಬಂದು ಅಣ್ಣನ ಭುಜದ ಮೇಲೆ ಕೈಯಿಟ್ಟ. ಇಸ್ತ್ರಿ ಮಾಡಿದ ಷರ್ಟಿಗೆ ಪಾಲಿಶ್ ಹತ್ತಿದ್ದು ಅವನಿಗೆ ತಿಳಿಯಲೇ ಇಲ್ಲ.

"ಇದು ಖಾಲಿ ಹೊರಗೆ ಹೋಗಬಾರದು ಮೇಡಂ," ಎಂದರು ಯಜಮಾನರು. "ಬೇರೆ ಪುಟಗಳೇ ಇಲ್ಲದಿದ್ರೆ ಸೋಮವಾರ ಸಾಗಿಸೋದು ನಿಲ್ಲುತ್ತೆ ಅಂತ ಬಿಚ್ಚಿಟ್ಟೆ. ಅರ್ಧ ಆದ ಕೆಲಸ ನಮ್ಮಂಗಡಿಯಿಂದ ಯಾವತ್ತೂ ಹೊರಗೆ ಹೋಗಿಲ್ಲ. ಅವಳ ಹೆಸರಲ್ಲಿ ಖಾಲಿ ಪುಟ ಕಂಡ್ರೆ ಜನ ಅವಳೇ ಬಿಟ್ಟುಬಿಟ್ಟಳು ಅನ್ಕೋತಾರೆ. ಬಿಟ್ಟಿದ್ದು ನಾನು."

"ತೆಗೆದುಹಾಕಬಹುದಿತ್ತಲ್ಲ ಅಪ್ಪಾ, ಇದೊಂದನ್ನ."

"ಇರೋವರೆಗೂ ಇನ್ನೂ ಬರೀಬೇಕು ಅಂತ ಇದೆಯಲ್ಲಮ್ಮ. ಏನೋ ನೆನಪಾಗಿ ಅಡುಗೆಮನೆ ಕಡೆ ಎದ್ದುಹೋಗಿದ್ದಾಳೆ, ಬರ್ತಾಳೆ ಅನ್ನೋ ಹಾಗೆ."

ಮಗಳು ಬಿಕ್ಕಿ ಬಿಕ್ಕಿ ಅತ್ತಳು. ತಂತ್ರಜ್ಞ ಸುಮ್ಮನೆ ಗೋಡೆ ಕಡೆ ತಿರುಗಿ ನಿಂತ. ಅಳು ಇನ್ಸ್‌ಪೆಕ್ಟರಿಗೂ ಬಂದಿತ್ತು. ಕೆಲಸದ ಮೇಲಿದ್ದುದರಿಂದ ಕೆಮ್ಮಿ ತಡೆದುಕೊಂಡರು.

ದೂರು ಅಲ್ಲೇ ವಾಪಸಾಯಿತು. ತಂತ್ರಜ್ಞ ಗುರುತು ನೋಡಿಕೊಂಡು ಪುಟಗಳನ್ನು ಜೋಡಿಸತೊಡಗಿದ. ಮುಂದಿನ ಎಡದ್ದು ಎಡಕ್ಕೆ, ಹಿಂದಿನ ಬಲದ್ದು ಬಲಕ್ಕೆ. ಒಂದೂ ತಪ್ಪಲಿಲ್ಲ.

"ಯಾವ ಸಿಎಂಎಸ್ ಅಂತ ತೀರ್ಮಾನ ಮಾಡ್ಬೇಕಲ್ಲ," ಎಂದ ಅವನು, ತಲೆಯೆತ್ತದೆ.

"ಹಳೇದೇ ಇರಲಿ," ಎಂದ ಚಿಕ್ಕಪ್ಪ. "ಅದಕ್ಕೆ ಕಾಯೋದು ಗೊತ್ತಿದೆ."

ಇನ್ಸ್‌ಪೆಕ್ಟರ್ ಹೊರಡುವ ಮುನ್ನ ಸ್ಟೂಲನ್ನು ಎರಡೂ ಕೈಯಲ್ಲಿ ಎತ್ತಿ ಯಜಮಾನರ ಮುಂದಿಟ್ಟರು. ಮಗಳು ಒಳಗಿನಿಂದ ಪೆನ್ಸಿಲ್ ತಂದು ತಂದೆಯ ಕೈಗೆ ಕೊಟ್ಟಳು. "ಮಾಡಿಬಿಡೋಣ ಅಪ್ಪಾ. ನಾನೂ ಹಿಡ್ಕೋತೀನಿ."

ಯಜಮಾನರು ಸಡಿಲವಾದ ಕಾಲಿನ ಮೇಲೆ ಪೆನ್ಸಿಲ್ ಇಟ್ಟರು. ಬರೆಯಲಾಗಲಿಲ್ಲ. ಪೆನ್ಸಿಲನ್ನು ತಿರುಗಿ ಮಗಳ ಕೈಗೆ ಕೊಟ್ಟರು.

"ನಾಳೆ," ಎಂದರು.

ಮಗಳು ಕಣ್ಣೊರೆಸಿಕೊಂಡು ಕಂಪ್ಯೂಟರಿನ ಮುಂದೆ ಕುಳಿತಳು. ಪ್ರತಿ ಗುರುವಾರ ತಂದೆ ಮಾಡುತ್ತಿದ್ದ ಕೆಲಸವನ್ನು ಈ ಸಲ ತಾನೇ ಮಾಡಿದಳು. ಆ ಪುಟದ ದಿನಾಂಕವನ್ನು ಇನ್ನೂ ಒಂದು ವಾರ ಮುಂದಕ್ಕೆ ಹಾಕಿದಳು.