ಲಕ್ಷ್ಮೀ ನಗರದ ಕೇಬಲ್‌ವಾಲಾ

"ಅಹೋ, ಕಾಪೂ ನಕಾ!"

ಪಕ್ಕದ ಮನೆಯ ಮಾಳಿಗೆಯಿಂದ ಯಾರೋ ಮರಾಠಿಯಲ್ಲಿ ಕೂಗಿದರು. ಕೇಬಲ್ ವೈರಿಗೆ ಕತ್ತರಿ ಹಚ್ಚಿದ್ದ ಸುಮೇಧಾ ಬೆಚ್ಚಿ ತಿರುಗಿದಳು.

"ಅಯ್ಯ! ಯಾರಿವ?" ಬಾಯಿಗೆ ಬಂದದ್ದು ಕನ್ನಡ.

ಆ ಯುವಕ ಮೋಟುಗೋಡೆ ದಾಟಿ ಈಚೆ ಬಂದ. "ಕನ್ನಡದವರೇನ್ರಿ? ಹಂಗಾರ ಕನ್ನಡದಾಗ ಹೇಳ್ತೀನಿ. ಕತ್ತರಿಸಬ್ಯಾಡ್ರಿ! ಹಿಂದಿನ ಸಾಲಿನ ಮನಿಗೆಲ್ಲ ಇದ ವೈರ್ ಹೋಗೇತಿ."

"ನಮ್ಮ ಮಾಳಿಗಿ ಮ್ಯಾಲೆ ಐತಲ್ಲ? ನಮಗಿದು ಬ್ಯಾಡ. ಈಗ ಎಲ್ಲಾ ಇಂಟರ್ನೆಟ್‌ನ್ಯಾಗ ನೋಡ್ತೀವಿ."

"ನೀವು ನೋಡ್ರಿ. ಅವರದ್ಯಾಕ ಬಂದ್ ಮಾಡ್ತೀರಿ?"

ಇಷ್ಟು ಸಿಟ್ಟಿನಲ್ಲೂ ಎದುರಿಗೆ ಬಂದ ಮೇಲೆ ಈ ಮನುಷ್ಯ ದನಿ ಏರಿಸಲಿಲ್ಲವಲ್ಲ... ಎಂದುಕೊಂಡು ಸುಮೇಧಾ ಕತ್ತರಿ ಕೆಳಗಿಟ್ಟಳು.

ಅವನು ನಂದೀಶ. ಅವನ ತಂದೆ ಗದಗಿನಿಂದ ಬಂದು ನಾಗಪುರದ ಈ ಲಕ್ಷ್ಮೀ ನಗರದಲ್ಲಿ ಕೇಬಲ್ ವ್ಯವಹಾರ ಹಾಕಿದವರು. ಇಲ್ಲಿನ ಕನ್ನಡ ಮನೆಗಳಿಗೆ ಕನ್ನಡ ಚಾನೆಲ್ ಮುಟ್ಟಿಸಿದ್ದು ಅವರೇ. ಅವರು ತೀರಿದ ಮೇಲೆ ಅದು ಮಗನ ಹೆಗಲಿಗೆ ಬಂದಿತ್ತು.

ಸುಮೇಧಾ ರೈಲ್ವೆ ನೌಕರರೊಬ್ಬರ ಮಗಳು. ನಾಗಪುರದ ಜನರ ಬಗ್ಗೆ ಮರಾಠಿಯಲ್ಲಿ ವಿಡಿಯೋ ಮಾಡಿ ಇಂಟರ್ನೆಟ್‌ಗೆ ಹಾಕುವುದೇ ಅವಳ ಉದ್ಯೋಗ. ಅವಳ ಮಟ್ಟಿಗೆ ಟೀವಿಯ ಕಾಲ ಎಂದೋ ಮುಗಿದಿತ್ತು.

ತಾಯಿ ಲೀಲಾಬಾಯಿಗೆ ಮುಗಿದಿರಲಿಲ್ಲ. ಮಗಳು ತಂದ ಹೊಸ ಸ್ಮಾರ್ಟ್ ಟೀವಿಯ ಮುಂದೆ ರಿಮೋಟ್ ಹಿಡಿದು ಪೆಚ್ಚಾಗಿ ಕೂತಿರುತ್ತಿದ್ದರು.

"ಎಲ್ಲಾ ಯಾವಾಗ ಬೇಕಂದ್ರ ಆವಾಗ ಐತಿ ಅಂತಿ. ಹಂಗಾರ ನಾ ಯಾವಾಗ ನೋಡ್ಲಿ?"

ಕಡೆಗೆ ಅವರೇ ನಂದೀಶನನ್ನು ಕರೆಸಿ ಕೇಬಲ್ ಹಾಕಿಸಿಕೊಂಡರು. ಧಾರಾವಾಹಿ ಮುಗಿದೊಡನೆ ಬಜಾಜ್ ನಗರದ ಗೆಳತಿಗೆ ಫೋನ್ ಹಚ್ಚುವುದು, ಇಬ್ಬರೂ ಸೇರಿ ಅದರೊಳಗಿನ ಅತ್ತೆಯನ್ನು ಬೈಯುವುದು ಮತ್ತೆ ಶುರುವಾಯಿತು.

ಒಂದು ದಿನ ಸುಮೇಧಾ ಮನೆಗೆ ಬಂದಾಗ ನಂದೀಶ ಅಮ್ಮನಿಗೆ ರಿಮೋಟಿನಲ್ಲಿ ಮಾತಾಡಿ ಹಳೆಯ ಭಜನೆ ಹುಡುಕುವುದನ್ನು ಕಲಿಸುತ್ತಿದ್ದ. ಇಂಟರ್ನೆಟ್‌ನಲ್ಲಿ!

"ನಿಮ್ಮ ಧಂಧಾಕ್ಕ ನೀವ ಕಲ್ಲು ಹಾಕ್ಕೋತೀರಲ್ಲ?" ಎಂದು ನಕ್ಕಳು.

"ಕಾಕೂಗ ಭಜನಿ ಬೇಕಾಗಿತ್ತು. ನನ್ನ ಕಡೆ ಇಲ್ಲಂದ್ರ, ಇರೋ ಕಡೆ ತೋರಿಸಬೇಕಲ್ರಿ."

ಆ ಮಾತಿನ ನಂತರ ಅವನ ಬೈಕಿನ ಸದ್ದಿಗೆ ಅವಳ ಕಿವಿ ಕಾಯತೊಡಗಿತು. ಅವನೂ ಕೆಲಸವಿಲ್ಲದೆ ಬರತೊಡಗಿದ. ಒಂದು ಸಂಜೆ ಮಾಳಿಗೆಯ ಮೇಲೆ ಇಬ್ಬರೇ ಇದ್ದಾಗ ಅವನು ತಟ್ಟನೆ ಹೇಳಿದ.

"ಖರೇ ಹೇಳ್ಲೇನ್ರಿ? ಹೆದರಿಕಿ ಆಗ್ತೈತಿ. ಅಪ್ಪ ಕಟ್ಟಿದ್ದು ನನ್ನ ಕೈಯಾಗ ಮುಳಗಾಕತ್ತೈತಿ... ಅವ್ವಗೂ ಹೇಳಿಲ್ಲ."

ಇವನಿಗಾಗಿ ಏನಾದರೂ ಮಾಡಬೇಕು ಎನಿಸಿತು ಸುಮೇಧಾಳಿಗೆ! ಅವಳಿಗೆ ಬರುತ್ತಿದ್ದುದು ಒಂದೇ ಕೆಲಸ. ಅವನನ್ನು ಒಪ್ಪಿಸಿ, ಕಂಬ ಹತ್ತುವುದನ್ನು, ಮನೆ ಮನೆಗೆ ಹೋಗುವುದನ್ನು ಚಿತ್ರಿಸಿ ವಿಡಿಯೋ ಮಾಡಿದಳು. ಕೊನೆಯಲ್ಲಿ ಆ ಸಂಜೆ ಅವನು ಹೇಳಿದ ಮಾತನ್ನು ತನ್ನ ದನಿಯಲ್ಲಿ ಸೇರಿಸಿದಳು. ಅದನ್ನು ಅವನಿಗೆ ಕೇಳಿಸದೆಯೇ ಇಂಟರ್ನೆಟ್‌ಗೆ ಹಾಕಿದಳು.

ಲಕ್ಷಗಟ್ಟಲೆ ಜನ ನೋಡಿದರು. "ಬಿಚಾರಾ", ಪಾಪ, ಎಂದು ಬರೆದು ಅಳುವ ಮುಖದ ಇಮೋಜಿ ಹಾಕಿದರು. ಕೇಬಲ್ ಹೇಗೂ ಬಂದ್ ಆಗುತ್ತದೆಂದು ಬಗೆದ ಗಿರಾಕಿಗಳು ಒಬ್ಬೊಬ್ಬರಾಗಿ ಬಿಟ್ಟರು. ನಂದೀಶ ಬರುವುದನ್ನು ನಿಲ್ಲಿಸಿದ. ಫೋನೂ ಎತ್ತಲಿಲ್ಲ.

ಸುಮೇಧಾ ಗಾಂಧಿಬಾಗಿಗೆ ಹೋದಳು. ಬಟ್ಟೆ ಅಂಗಡಿಯೊಂದರ ಮೇಲೆ ಅವನ ಆಫೀಸು, ಹಿಂದಿನ ಕೋಣೆಗಳೇ ಮನೆ. ಅವನು ನೆಲದಲ್ಲಿ ಕೂತು ವೈರ್ ಸುತ್ತುತ್ತಿದ್ದ.

"ಗಿರಾಕಿ ಹೋದ್ರಂತ ಸಿಟ್ಟು ಬಂದೈತಿ, ಗೊತ್ತೈತಿ. ಇನ್ನೊಂದು ವಿಡಿಯೋ ಮಾಡ್ತೀನಿ, ಎಲ್ಲಾರೂ ವಾಪಸ್..."

"ಗಿರಾಕಿ ಮೊದಲಿಂದನೂ ಹೊಂಟಿದ್ರು. ಅದಕ್ಕಲ್ರಿ." ಅವನು ತಲೆ ಎತ್ತಲಿಲ್ಲ. "ಅವ್ವಗ ಹೇಳಲಾರದ ಮಾತು ನಿಮಗ ಹೇಳಿದ್ನಿ. ಅವ್ವ ಅದನ್ನ ಓಣಿ ಮಂದಿ ಫೋನಿನ್ಯಾಗ ಕೇಳಿದ್ಲು."

ಸುಮೇಧಾ ಅವನ ನಷ್ಟವನ್ನೆಲ್ಲ ಲೆಕ್ಕ ಹಾಕಿದ್ದಳು, ಇದೊಂದನ್ನು ಬಿಟ್ಟು!

"ತಪ್ಪಾತು," ಎಂದಳು. "ಅವ್ವಾರು ಒಳಗದಾರೇನು? ಅವರ ಮುಂದೂ ಹೇಳ್ತೀನಿ."

ಅವನು ಬೇಡವೆನ್ನುವ ಮೊದಲೇ ಒಳಗೆ ಹೋದಳು. ಅವನ ತಾಯಿ ಹೇಮಲತಾ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದರು. ಸುಮೇಧಾ ಎದುರಿಗೆ ಕೂತು ಒಂದನ್ನೂ ಮುಚ್ಚಿಡದೆ ಹೇಳಿದಳು. ಬಾಗಿಲಲ್ಲಿ ನಂದೀಶ ಬಂದು ನಿಂತಿದ್ದ.

ಹೇಮಲತಾ ಸೊಪ್ಪನ್ನು ಬದಿಗಿಟ್ಟರು.

"ಮನಿ ಮಾತು ಬಾಜಾರಕ್ಕ ಹೋತು ಅಂತ ನನಗ ನೋವಾತು ಖರೆ," ಎಂದರು. "ಅಂವ ಹೆದರಿದ್ದಕ್ಕ ನನಗ ಬ್ಯಾಸರಿಲ್ಲವಾ. ಒಬ್ಬನ ಕುಂತು ಹೆದರಿದನಲ್ಲ, ಅದಕ್ಕ ಬ್ಯಾಸರ. ನಿನಗರ ಹೇಳ್ಯಾನ."

ಮೆಟ್ಟಿಲು ಇಳಿಯುವಾಗ ನಂದೀಶ ಜೊತೆಗೆ ಬಂದ. ಬ್ರಾಡ್‌ಬ್ಯಾಂಡ್ ಕಂಪನಿಯೊಂದರ ಕೆಲಸ ಹಿಡಿದಿರುವುದಾಗಿ ಹೇಳಿದ. "ಅದ ಕಂಬ, ವೈರ್ ಬ್ಯಾರೆ. ಕನ್ನಡ ಚಾನೆಲ್ ಬೇಕನ್ನೋ ಮನಿ ಇರೋತನಕ ಕೇಬಲ್ಲೂ ನಡಸ್ತೀನಿ."

"ಆ ವಿಡಿಯೋ ತಗದುಬಿಡ್ತೀನಿ."

"ನಿಮಗ ಹೆಸರು ತಂದದ್ದು ಅದು."

"ನನಗ ಹೆಸರು ಬ್ಯಾಡ, ನೀವು ಬೇಕು!" ಅಂದ ಮೇಲೆ ಅವಳಿಗೇ ಗಾಬರಿಯಾಯಿತು. ಅಂಗಡಿಯವರಿಬ್ಬರು ತಿರುಗಿ ನೋಡಿದರು. ಪುಣ್ಯಕ್ಕೆ ಅವರಿಗೆ ಕನ್ನಡ ಬರುತ್ತಿರಲಿಲ್ಲ.

ನಂದೀಶನ ಮುಖ ನಿಧಾನವಾಗಿ ಅರಳಿತು. "ನನ್ನ ಮನಸಿನ್ಯಾಗೂ ಅದ ಇತ್ತು. ಬಾಯಿ ಬರಲಿಲ್ಲ. ಸಿಟ್ಟು ಪೂರ್ತಿ ಹೋಗಿಲ್ಲ ಮತ್ತ... ಒಂದಿಷ್ಟು ದಿನ ಇರ್ತೈತಿ."

"ಇರಲಿ. ದಿನಾ ಬಂದು ಬೈಸ್ಕೋತೀನಿ ರೀ."

"ಬೈಬೇಕಂದ್ರ ಮೊದಲು ಈ 'ರೀ' ಬಿಡಬೇಕು."

"ನೀವ ಮೊದಲು ಬಿಡ್ರಿ."

"ಸುಮೇಧಾ... ಚಾ ಕುಡೀತೀಯೇನು?"

"ಕುಡೀತೀನಿ ನಡಿ, ನಂದೀಶ."