ಮೂವರು ಮಾವಂದಿರ ಆಯುಷ್ಯ

"ನಿಮ್ಮ ಹಿರಿಯರು ಎಷ್ಟು ವರ್ಷ ಬದುಕಿದ್ರು?" ಕ್ಷಮಾ ಪೆನ್ನು ಹಿಡಿದು ಕೇಳಿದಳು.

"ದೊಡ್ಡವರು ನಲವತ್ತನಾಲ್ಕು. ಮತ್ತಿನವರು ನಲವತ್ತಮೂರು. ಕೊನೆಯವರೂ ನಲವತ್ತನಾಲ್ಕು."

"ತಾಯಿ?"

"ನಲವತ್ತೈದು."

"ನಿಮ್ಮ ಪ್ರಾಯ?"

"ಬರುವ ತಿಂಗಳು ನಲವತ್ತಮೂರು." ಯಶ್ವಂತ್ ನಕ್ಕ. "ಬೇಗ ಬೇಗ ಬರೀರಿ."

ಅದು 1995ರ ಫೆಬ್ರವರಿ. ಕೊಲ್ಲಿ ದೇಶದ ಗುದೈಬಿಯಾ ಪೇಟೆಯ ಹೊಲಿಗೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಡಾ. ಲಿಯು ಅವರ ಚೀನೀ ಚಿಕಿತ್ಸಾಲಯ. ವೈದ್ಯೆಯ ಇಂಗ್ಲಿಷ್ ಅರ್ಥವಾಗಲು ಯಾರಿಗಾದರೂ ಆರು ತಿಂಗಳು ಬೇಕು. ಉಡುಪಿಯ ಕ್ಷಮಾ ಅಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಯಶ್ವಂತ್ ಡಿಪ್ಲೊಮ್ಯಾಟಿಕ್ ಏರಿಯಾದ ಬ್ಯಾಂಕೊಂದರಲ್ಲಿ ಅಧಿಕಾರಿ. ನಿದ್ದೆ ಬರುವುದಿಲ್ಲವೆಂದು ಬಂದಿದ್ದ.

ವೈದ್ಯೆ ಅವನ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಬಹಳ ಹೊತ್ತು ಕೂತರು. ನಾಲಿಗೆ ನೋಡಿದರು, ಫಾರ್ಮು ನೋಡಿದರು. ಅವರು ಹೇಳಿದ್ದನ್ನು ಕ್ಷಮಾ ಕನ್ನಡಕ್ಕೆ ತಂದಳು.

"ಹುಟ್ಟುವಾಗ ತಂದೆ ತಾಯಿ ಕೊಟ್ಟ ಸತ್ವ ಮೂತ್ರಪಿಂಡದಲ್ಲಿ ಇರ್ತದಂತೆ. ಅದನ್ನು ಹೆಚ್ಚು ಮಾಡ್ಲಿಕ್ಕೆ ಆಗುದಿಲ್ಲ. ನಿಧಾನ ಖರ್ಚು ಮಾಡ್ಬಹುದು, ಅಷ್ಟೆ. ನಿಮಗೆ ಸಿಕ್ಕಿದ್ದೇ ಕಡಿಮೆ. ಹನ್ನೊಂದರ ಒಳಗೆ ಮಲಗ್ಬೇಕು. ಐಸ್ ನೀರು ಬೇಡ. ಕರಿ ಎಳ್ಳು, ಅಕ್ರೋಟು, ಬಿಸಿ ಗಂಜಿ."

"ಗಂಜಿಯಾ! ಅದನ್ನು ಹೇಳ್ಲಿಕ್ಕೆ ಚೀನಾದಿಂದ ಬರ್ಬೇಕಿತ್ತಾ ಮಾರಾಯ್ರೇ?"

ವೈದ್ಯೆ ಇನ್ನೇನೋ ಕೇಳಿದರು. ಕ್ಷಮಾ ಫಾರ್ಮಿನ ಮೇಲೆ ಬಗ್ಗಿದಳು. ಕಿವಿ ಕೆಂಪಾಯಿತು.

"ಎಂತ ಅಂತೆ?"

"ಹೆಂಡತಿ ಇದ್ದಾರಾ ಅಂತ."

"ಡಾಕ್ಟ್ರು ಕೇಳುದಾ, ನೀವು ಕೇಳುದಾ?"

"ಡಾಕ್ಟ್ರೇ! ಕಾಲಮ್ ಉಂಟು, ನೋಡಿ ಬೇಕಾದ್ರೆ."

"ಇಲ್ಲ ಅಂತ ಬರೀರಿ. ದೊಡ್ಡ ಅಕ್ಷರದಲ್ಲಿ."

ಪ್ರತಿ ಸೋಮವಾರ ಅವನು ಬಂದ. ಎಳ್ಳು ತಿಂದ ಸಾಕ್ಷಿಗೆ ಹಲ್ಲು ತೋರಿಸುತ್ತಿದ್ದ. ಒಮ್ಮೆ ಅವಳು ಸ್ಟೀಲ್ ಡಬ್ಬಿಯಲ್ಲಿ ಕುಚ್ಚಲಕ್ಕಿ ಗಂಜಿ ತಂದುಕೊಟ್ಟಳು. ಡಬ್ಬಿ ಖಾಲಿಯಾಗುವವರೆಗೂ ಅವನು ಅವಳನ್ನೇ ನೋಡಿದ. ಅವಳು ಕಿಟಕಿಯ ಕಡೆ ತಿರುಗಿದಳು. ಕಿಟಕಿಯ ಗಾಜಿನಲ್ಲೂ ಅವನೇ ಇದ್ದ.

ಏಪ್ರಿಲ್‌ನಲ್ಲಿ ಅವನು ಬರುವುದನ್ನು ನಿಲ್ಲಿಸಿದ. ಮೂರು ಸೋಮವಾರ ಕಾದ ಕ್ಷಮಾ ಬ್ಯಾಂಕಿಗೆ ಫೋನ್ ಮಾಡಿದಳು. ಶುಕ್ರವಾರ ಬೆಳಿಗ್ಗೆ ಬುದಯ್ಯದ ಕಡಲ ಬದಿಯಲ್ಲಿ ಇಬ್ಬರೂ ಸಿಕ್ಕಿದರು. ಅವನು ಸೊರಗಿಹೋಗಿದ್ದ.

"ನಲವತ್ತಮೂರು ತುಂಬಿತು," ಅಂದ. "ನಿಮಗೆ ಆಸೆ ಹುಟ್ಟಿಸಿ ಹೋಗುದು ಸರಿಯಲ್ಲ ಕ್ಷಮಾ."

"ಎಲ್ಲಿಗೆ ಹೋಗುದು?"

"ಅವರು ಹೋದಲ್ಲಿಗೆ. ಆಫೀಸಿನಿಂದ ಬಂದು ಬಾಗಿಲು ತೆಗೆದ್ರೆ ಮೂವರೂ ಸೋಫಾದಲ್ಲಿ ಸಾಲಾಗಿ ಕೂತಿರ್ತಾರೆ. ಬೀಡಿ ವಾಸನೆ. ನಾನು ಬೀಡಿ ಸೇದುದಿಲ್ಲ. ಅವರು ಎಂತದ್ದೂ ಮಾತಾಡುದಿಲ್ಲ. ದೊಡ್ಡ ಮಾವ ಮಾತ್ರ ಸ್ವಲ್ಪ ಸರಿದು ಜಾಗ ಮಾಡ್ತಾರೆ."

 ಒಂದು ಶಬ್ದದ ಮೇಲೆ ಕ್ಷಮಾಳ ಮನಸ್ಸು ನಿಂತಿತು.

"ಮಾವನಾ? ನೀವು ಬರೆಸಿದ್ದು ಮಾವಂದಿರ ಪ್ರಾಯವಾ?"

"ಮತ್ತೆ? ಹಿರಿಯರು ಅಂದ್ರೆ ಮಾವಂದಿರೇ ಅಲ್ವಾ?"

"ಅಪ್ಪ?"

"ಅಪ್ಪ ಕಾರ್ಕಳದಲ್ಲಿದ್ದಾರೆ, ಅವರ ತಂಗಿ ಮನೆಯಲ್ಲಿ. ಎಪ್ಪತ್ತೆಂಟು. ಗಟ್ಟಿ ಉಂಟು."

ಇಬ್ಬರದೂ ಅಳಿಯಕಟ್ಟಿನ ಮನೆತನ. ವಂಶ ತಾಯಿಯ ಕಡೆಯಿಂದ, ಯಜಮಾನಿಕೆ ಸೋದರಮಾವನದು. ಫಾರ್ಮಿನಲ್ಲಿ ಇದ್ದದ್ದು ತಂದೆ ಮತ್ತು ಇಬ್ಬರು ಅಜ್ಜಂದಿರ ಕಾಲಮುಗಳು. ಕ್ಷಮಾ ಅದನ್ನು 'ಹಿರಿಯರು' ಎಂದು ಕೇಳಿದಳು, ಅವನು ಮಾವಂದಿರನ್ನು ಹೇಳಿದ. ಮನೆಯಲ್ಲಿ ತಂದೆಯನ್ನು ಲೆಕ್ಕಕ್ಕೆ ಹಿಡಿದು ಅಭ್ಯಾಸವಿಲ್ಲದ ಇಬ್ಬರಿಗೂ ಅನುಮಾನ ಬರಲಿಲ್ಲ.

ಮರುದಿನ ಡಾ. ಲಿಯು ಫಾರ್ಮು ತಿದ್ದಿದರು. ಅವರು ಸಮಾಧಾನದ ಮಾತಾಡುವವರಲ್ಲ. ವರ್ಷ ಇಷ್ಟೇ ಎಂದು ತಾನು ಹೇಳಿರಲಿಲ್ಲ ಎಂದರು. ತಂದೆಯ ಪಾಲು ಚೆನ್ನಾಗಿದೆ, ತಾಯಿಯ ಪಾಲು ಈಗಲೂ ಕಡಿಮೆಯೇ. ಆದರೆ ಮೂತ್ರಪಿಂಡದ ಸತ್ವವನ್ನು ಎಲ್ಲಕ್ಕಿಂತ ಬೇಗ ಬರಿದು ಮಾಡುವುದು ಭಯ. ಅದಕ್ಕೆ ಎಳ್ಳು ಸಾಲದು.

ಇಳಿಯುವಾಗ ಮೆಟ್ಟಿಲಿನಲ್ಲಿ ಯಶ್ವಂತ್ ನಿಂತ. "ಅಮ್ಮನ ಕಡೆಯದ್ದು ಹೋಗಲಿಲ್ಲ ಕ್ಷಮಾ. ಅವರು ಇವತ್ತೂ ಕೂತಿರ್ತಾರೆ."

"ಕೂತಿರ್ಲಿ. ಆ ಹೆದರುವ ಕೆಲಸ ನನಗೆ ಕೊಡಿ."

"ನಿಮಗೆ ಯಾಕೆ?"

"ನನ್ನ ಅಜ್ಜಿಗೆ ತೊಂಬತ್ತೊಂದು. ನನ್ನ ಹತ್ರ ಸತ್ವ ಬೇಕಾದಷ್ಟುಂಟು."

"ಮತ್ತೆ ನಾನು ಎಂತ ಮಾಡುದು?"

"ಮದುವೆ ಆಗಿ." ಹೇಳಿ ಅವಳು ಒಂದು ಮೆಟ್ಟಿಲು ಇಳಿದಳು. "ಒಂದು ವರ್ಷ ಆದ್ರೂ ಸಾಕು. ಜಾಸ್ತಿ ಸಿಕ್ಕಿದ್ರೆ ಜಗಳ ಮಾಡುವಾ."

ಅವನು ಅವಳ ಕೈ ಹಿಡಿದ. ಅಷ್ಟು ತಣ್ಣಗಿನ ಕೈಯನ್ನು ಅವಳು ಎಂದೂ ಮುಟ್ಟಿರಲಿಲ್ಲ. ಬಿಡಲಿಲ್ಲ.

ರಸ್ತೆಯ ತಿರುವಿನ ಕಾರ್ಡ್ ಫೋನಿನಿಂದ ಅವನು ಕಾರ್ಕಳಕ್ಕೆ ಕರೆ ಮಾಡಿದ. ಕ್ಷಮಾ ಅವನಿಗೆ ಒತ್ತಿ ನಿಂತು ಕೇಳಿಸಿಕೊಂಡಳು.

"ಅಪ್ಪ, ಒಂದು ಹುಡುಗಿ ಇದ್ದಾಳೆ. ಮದುವೆ ಆಗ್ಬೇಕೂಂತ. ನಿಮ್ಮ ಒಪ್ಪಿಗೆ ಬೇಕು."

"ನನ್ನದಾ?" ಮುದುಕನ ದನಿ ಗೊಂದಲಕ್ಕೆ ಬಿತ್ತು. "ಅದೆಲ್ಲ ಮಾವಂದಿರ ಹತ್ರ ಅಲ್ವಾ ಕೇಳುವ ಕ್ರಮ?"

"ಅವರನ್ನು ಕೇಳಿ ಕೇಳಿಯೇ ಇಷ್ಟು ವರ್ಷ ಹೋಯ್ತು ಅಪ್ಪ."

 ತಂತಿಯಲ್ಲಿ ಗಂಟಲು ಸರಿಮಾಡಿಕೊಂಡ ಸದ್ದು.

"ಹುಡುಗಿ ಅಲ್ಲೇ ಉಂಟಾ?"

"ಉಂಟು."

"ಫೋನು ಅವಳಿಗೆ ಕೊಡು, ಮಗಾ."